‘ಟೆನ್ಷನ್ ಮಾಡಿಕೊಳ್ಳಬೇಡಿ’

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಅಷ್ಟರಲ್ಲಿ ನಾಲ್ವರು ವೈದ್ಯರನ್ನು ಕಂಡಿದ್ದೇನೆ. ಮಾತ್ರೆ ಬದಲಾಗಿದೆ, ಪ್ರಮಾಣ ಬದಲಾಗಿದೆ. ಎದ್ದು ಬಾಗಿಲ ಬಳಿ ಬಂದಾಗ ಬೆನ್ನ ಹಿಂದಿನಿಂದ ಕೇಳಿಸುವ ಮಾತು ಮಾತ್ರ ಅದೇ: ‘ಟೆನ್ಷನ್ ಮಾಡಿಕೊಳ್ಳಬೇಡಿ.’ ಜ್ವರ ಬಂದವನಿಗೆ ‘ಮೈ ಬಿಸಿ ಮಾಡಿಕೊಳ್ಳಬೇಡ’ ಎಂದಂತೆ!

ಕಳೆದ ವರ್ಷ ಮನೆಯಲ್ಲಿ ಕಾಯಿಲೆ, ಕೆಲಸದಲ್ಲಿ ಕಿರಿಕಿರಿ, ರಾತ್ರಿ ಮೂರಕ್ಕೇ ಎಚ್ಚರ. ಊಟ, ಮಾತ್ರೆ, ನಡಿಗೆ ಯಾವುದೂ ತಪ್ಪಲಿಲ್ಲ. ಆದರೂ ಖಾಲಿ ಹೊಟ್ಟೆಯ ಸಕ್ಕರೆ 120ರ ಆಸುಪಾಸಿನಿಂದ 170 ದಾಟಿತು. ‘ಸಿಹಿ ತಿಂದಿರಾ?’ ಎಂದು ವೈದ್ಯರು ಕೇಳಿದಾಗ ಕದಿಯದೆಯೂ ಸಿಕ್ಕಿಬಿದ್ದ ಕಳ್ಳನಂತಾಗಿದ್ದೆ. ಆಮೇಲೆ ಓದಿ ತಿಳಿದದ್ದು: ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಹೊಸದಾಗಿ ಗ್ಲೂಕೋಸ್ ತಯಾರಿಸುವಂತೆ ಯಕೃತ್ತನ್ನು ಪ್ರಚೋದಿಸುತ್ತದೆ; ಅಡ್ರಿನಲಿನ್ ಅಲ್ಲಿ ಕೂಡಿಟ್ಟದ್ದನ್ನೂ ಹೊರಗೆ ಸುರಿಸುತ್ತದೆ. ಜೀವಕೋಶಗಳು ಇನ್ಸುಲಿನ್ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ದೇಹ ಓಡಲು ಸಿದ್ಧವಾಗಿರುತ್ತದೆ, ನಾವು ಕುರ್ಚಿಯಲ್ಲಿ ಕೂತಿರುತ್ತೇವೆ.

ರಕ್ತದ ಸಕ್ಕರೆಯ ಸಂಖ್ಯೆ ಇಳಿಯಬಹುದು, ಹೃದಯದ ಮಾಂಸದೊಳಗೆ ಆದದ್ದು ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಹೆಚ್ಚಾದ ಸಕ್ಕರೆ ಹೃದಯದ ಹಂದರವಾದ ಕೊಲಾಜನ್ ಎಳೆಗಳಿಗೆ ಅಂಟಿಕೊಂಡು ಅವುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ನಾರು ಹೆಚ್ಚುತ್ತದೆ, ಸ್ನಾಯು ಬಿರುಸಾಗುತ್ತದೆ. ಹಿಂಡುವ ಶಕ್ತಿ ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಕಷ್ಟವಾಗುವುದು ಸಡಿಲಗೊಂಡು ರಕ್ತ ತುಂಬಿಕೊಳ್ಳಲು. ‘ಪಂಪಿಂಗ್ ನಾರ್ಮಲ್’ ಎಂಬ ವರದಿ ನೋಡಿ ನಾನು ನಿಶ್ಚಿಂತನಾಗಿದ್ದದ್ದು ಇದು ಗೊತ್ತಿಲ್ಲದೆ. ರಕ್ತನಾಳ ಕಟ್ಟಿಕೊಳ್ಳದೆಯೂ ಮಧುಮೇಹಿಗಳ ಹೃದಯ ಸೋಲಬಹುದು ಎಂದು ಅಮೆರಿಕದ ವೈದ್ಯರಾದ ರೂಬ್ಲರ್ ಮತ್ತು ಸಂಗಡಿಗರು ನಾಲ್ವರು ರೋಗಿಗಳನ್ನು ಮುಂದಿಟ್ಟು ಬರೆದದ್ದು 1972ರಲ್ಲಿ. ಎರಡು ವರ್ಷಗಳ ನಂತರ, ಅಮೆರಿಕದ ಒಂದು ಊರಿನ ಜನರ ಹೃದಯವನ್ನು ವರ್ಷಗಟ್ಟಲೆ ಗಮನಿಸಿದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಲೆಕ್ಕ ಕೊಟ್ಟಿತು: ಹೃದಯ ವೈಫಲ್ಯದ ಅಪಾಯ ಮಧುಮೇಹಿ ಗಂಡಸರಲ್ಲಿ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಲ್ಲಿ ಸುಮಾರು ಐದು ಪಟ್ಟು.

ಒತ್ತಡವೂ ಕೈಹಾಕುವುದು ಇದೇ ಮಾಂಸಕ್ಕೆ. ಅಡ್ರಿನಲಿನ್ ಬಿಡದೆ ಚುಚ್ಚುತ್ತಿದ್ದರೆ ಸ್ನಾಯುಕೋಶಗಳೊಳಗೆ ಕ್ಯಾಲ್ಸಿಯಂ ಮಿತಿಮೀರುತ್ತದೆ, ಉರಿಯೂತ ಹೆಚ್ಚುತ್ತದೆ, ನಾರು ನೇಯುವ ಕೋಶಗಳು ಚುರುಕಾಗುತ್ತವೆ. ಸಕ್ಕರೆಯಿಂದ ಬಿರುಸಾದದ್ದು ಇನ್ನಷ್ಟು ಬಿರುಸಾಗುತ್ತದೆ. ಸತ್ತ ಕೋಶದ ಜಾಗಕ್ಕೆ ಹೊಸದು ಬರುತ್ತದೆ ಎನ್ನಲು ಇದು ಚರ್ಮವಲ್ಲ. ಇಪ್ಪತ್ತೈದರ ವಯಸ್ಸಿನಲ್ಲೇ ವರ್ಷಕ್ಕೆ ಹೃದಯದ ಸುಮಾರು ಶೇ 1ರಷ್ಟು ಸ್ನಾಯುಕೋಶಗಳು ಮಾತ್ರ ಹೊಸದಾಗುತ್ತವೆ, ಎಪ್ಪತ್ತೈದಕ್ಕೆ ಅದರ ಅರ್ಧಕ್ಕಿಂತ ಕಡಿಮೆ. ಸತ್ತು ತೆರವಾದ ಜಾಗದಲ್ಲಿ ಉಳಿಯುವುದು ಗಾಯದ ಕಲೆ.

ಸಕ್ಕರೆಯ ಪಾಲಿನಷ್ಟು ಖಚಿತವಾಗಿ ಒತ್ತಡದ ಪಾಲನ್ನು ಅಳೆಯಲಾಗುವುದಿಲ್ಲ, ಒಪ್ಪುತ್ತೇನೆ. ಮಾತ್ರೆ ಬಿಟ್ಟು ಧ್ಯಾನಕ್ಕೆ ಕೂತರೆ ಸಾಕು ಎನ್ನುವವರ ಜೊತೆಗೂ ನಾನಿಲ್ಲ. ಆದರೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲೇ ಮನಸ್ಸಿನ ಒತ್ತಡವನ್ನು ಹೃದಯಾಘಾತದ ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಸೇರಿಸಿತ್ತು. ಇಷ್ಟಾದರೂ ಅದಕ್ಕೆ ಸಿಗುವುದು ಬಾಗಿಲ ಬಳಿಯ ಒಂದು ಮಾತು.

ನನ್ನನ್ನು ಹೆದರಿಸುವುದು ಇನ್ನೊಂದು ಸಂಗತಿ. ಹಳೆಯ ಮಧುಮೇಹಿಗಳಲ್ಲಿ ಹೃದಯದ ನರಗಳೂ ಹಾಳಾಗಿರಬಹುದು; ಆಗ ಆಘಾತವೇ ಆದರೂ ಎದೆನೋವು ಬಾರದಿರಬಹುದು. ಬರುವುದು ಏದುಸಿರು, ಬೆವರು, ಕಾರಣವಿಲ್ಲದ ಸುಸ್ತು. ಅದನ್ನೇ ನಾವು ‘ಏನಿಲ್ಲ, ಟೆನ್ಷನ್’ ಎಂದು ತಳ್ಳಿಹಾಕುತ್ತೇವೆ. ನಾನೂ ಮೆಟ್ಟಿಲು ಹತ್ತುವಾಗಿನ ಏದುಸಿರಿಗೆ ಆರು ತಿಂಗಳು ಅದೇ ಹೆಸರಿಟ್ಟಿದ್ದೆ.

ಕಳೆದ ಬಾರಿ ಹೋದಾಗ ಸಕ್ಕರೆಯ ಅಂಕಿಗಳ ಪಕ್ಕದಲ್ಲೇ ಪ್ರತಿ ರಾತ್ರಿ ನಿದ್ದೆಯಾದ ಗಂಟೆಗಳನ್ನೂ ಬರೆದುಕೊಂಡು ಹೋಗಿದ್ದೆ. ವೈದ್ಯರು ಹಾಳೆಯನ್ನು ಎರಡು ಸಲ ನೋಡಿ, ‘ಮೂರು ಗಂಟೆಗೆ ಎಚ್ಚರವಾದಾಗ ಏನು ಯೋಚನೆ ಬರುತ್ತದೆ?’ ಎಂದು ಕೇಳಿದರು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ. ಹೇಳಲು ಇಪ್ಪತ್ತು ನಿಮಿಷ ಬೇಕಾಯಿತು. ಹೃದಯದ ಸ್ಕ್ಯಾನ್ ಆದ ಎಕೋ ಮುಂದಿನ ವಾರಕ್ಕೆ ಬರೆದುಕೊಟ್ಟಿದ್ದಾರೆ.