ಅಲ್, ಅಲ್ವಾ, ಹಲ್ವಾ

ಕಣ್ಣಿಗೆ ಹಚ್ಚುವ ಕಪ್ಪು, ಗಂಟಲಿಗೆ ಇಳಿಯುವ ‘ಎಣ್ಣೆ’. ಎರಡೂ ಒಂದೇ ಮಾತಿನ ಮಕ್ಕಳು ಎಂದರೆ ಎಂಥವರಿಗೂ ಅನುಮಾನ ಬರುತ್ತದೆ. ಕನ್ನಡದಲ್ಲಿ ಅಲ್ಲ, ಇಂಗ್ಲಿಷಿನಲ್ಲಿ. ಅರಬ್ಬಿಯಲ್ಲಿ ಕಣ್ಣಿನ ಕಪ್ಪಿಗೆ ‘ಕುಹ್ಲ್’ ಎನ್ನುತ್ತಾರೆ. ನಮ್ಮ ಅಜ್ಜಿಯರು ಹರಳೆಣ್ಣೆ ದೀಪದ ಮಸಿ ಹಿಡಿದು ಮಾಡುತ್ತಿದ್ದ ಕಾಡಿಗೆಯಲ್ಲ ಅದು. ಆಂಟಿಮನಿಯ ಅದಿರನ್ನು ಅರೆದು ಅರೆದು ಮಾಡಿದ ಪುಡಿ. ನಮ್ಮಲ್ಲಿ ಸುರ್ಮಾ ಅಂತಾರಲ್ಲ, ಆ ಜಾತಿಯದು. ಕಣ್ಣಿಗೆ ಹಾಕುವುದು ತಾನೇ, ಒಂದು ಹರಳೂ ಉಳಿಯಬಾರದು. ಅಷ್ಟು ನುಣ್ಣಗೆ ಇರಬೇಕು.

ಈ ‘ಅಲ್ ಕುಹ್ಲ್’ ಯುರೋಪಿನ ರಸವಾದಿಗಳ ಕೈಗೆ ಸಿಕ್ಕಿತು. ಅವರು ಮೊದಲು ಯಾವ ನುಣ್ಣನೆಯ ಪುಡಿಗಾದರೂ ಅದೇ ಹೆಸರಿಟ್ಟರು. ಆಮೇಲೆ ಕಾಯಿಸಿ, ಇಳಿಸಿ, ಶುದ್ಧ ಮಾಡಿದ ಸಾರಕ್ಕೂ ಅದೇ ಹೆಸರಾಯಿತು. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ಸ್ವಿಸ್ ವೈದ್ಯ ವೈನನ್ನು ಭಟ್ಟಿ ಇಳಿಸಿ ತೆಗೆದ ಸಾರವನ್ನು ‘ವೈನಿನ ಆಲ್ಕೋಹಾಲ್’ ಎಂದ. ಬರಬರುತ್ತಾ ವೈನ್ ಉದುರಿಹೋಗಿ ಆಲ್ಕೋಹಾಲ್ ಒಂದೇ ನಿಂತಿತು. ಕುಡಿತ ನಿಷಿದ್ಧ ಎನ್ನುವ ಧರ್ಮದವರೇ ಹೆಚ್ಚಾಗಿ ಆಡುವ ಭಾಷೆ ಲೋಕದ ಕುಡುಕರಿಗೆಲ್ಲ ಹೆಸರು ಒದಗಿಸಿದ್ದು ನನಗೆ ಬಹಳ ಮಜಾ ಅನಿಸುತ್ತದೆ.

ಇನ್ನು ಆ ‘ಅಲ್’. ಅದಕ್ಕೆ ಸ್ವಂತ ಅರ್ಥ ಏನೂ ಇಲ್ಲ. ಇಂಗ್ಲಿಷಿನ ‘ದಿ’ ಇದ್ದ ಹಾಗೆ, ಹೆಸರಿನ ಮುಂದೆ ಬಂದು ಕೂರುತ್ತದೆ ಅಷ್ಟೆ. ಅರಬ್ಬಿ ಮಾತಾಡುವವರು ಸ್ಪೇನಿಗೆ ಕಾಲಿಟ್ಟದ್ದು 711ರಲ್ಲಿ. ಅಲ್ಲಿನ ಅವರ ಕೊನೆಯ ರಾಜ್ಯ ಗ್ರನಾಡ ಬಿದ್ದದ್ದು 1492ರಲ್ಲಿ. ಇಷ್ಟು ಕಾಲ ಅಕ್ಕಪಕ್ಕ ಇದ್ದವರು ಸಂತೆಯಲ್ಲಿ ಕಿವಿಯಿಂದಲೇ ಮಾತು ಕಲಿಯುತ್ತಾರೆ. ಪದವನ್ನು ಎಲ್ಲಿ ಕಡಿಯಬೇಕು ಎಂದು ಅವರಿಗೆ ಯಾರು ಹೇಳಬೇಕು? ‘ಅಲ್’ ಸಮೇತ ಎತ್ತಿಕೊಂಡರು. ಹತ್ತಿಗೆ ಅರಬ್ಬಿಯಲ್ಲಿ ಕುತ್ನ್, ಸ್ಪೇನಿನವರಿಗೆ ಅದು ಅಲ್ಗೊದೋನ್. ಇಟಲಿಯ ಕಡೆ ಹೋದದ್ದು ಮಾತ್ರ ‘ಅಲ್’ ಕಳಚಿಕೊಂಡು ಕೊತೋನೆ ಆಯಿತು. ಇಂಗ್ಲಿಷ್ ಎರಡೂ ಅಂಗಡಿಯಲ್ಲಿ ಖಾತೆ ಇಟ್ಟಿತ್ತು. ಹಾಗಾಗಿ ಅದರಲ್ಲಿ ಕಾಟನ್ ಬೋಳು, ಆಲ್ಕಲಿ ಮತ್ತು ಅಲ್ಜೀಬ್ರಾ ‘ಅಲ್’ ಸಮೇತ.

ಇದು ತಿಳಿದ ಮೇಲೆ ಒಂದು ಚಟ ಅಂಟಿಕೊಳ್ಳುತ್ತದೆ. ಎಲ್ಲಿ ‘ಅಲ್’ ಕಂಡರೂ ಅರಬ್ಬಿ ಅನಿಸಲು ಶುರುವಾಗುತ್ತದೆ. ಅಲಿಗೇಟರ್? ಅಲ್ಲ, ಅದು ಹಲ್ಲಿಗೆ ಸ್ಪ್ಯಾನಿಷರು ಹೇಳುವ ‘ಎಲ್ ಲಗಾರ್ತೊ’. ಮನೆಯ ಅಲ್ಮೇರಾ? ಅದೂ ಅಲ್ಲ, ಪೋರ್ಚುಗೀಸರದು. ಬೆಂಗಳೂರಿನ ಅಲಸೂರು ಹಲಸಿನ ಹೆಸರು ಹೊತ್ತ ಊರು. ‘ಅಲ್ವಾ’ ಅಂತೂ ನಮ್ಮ ಬಾಯಿಯದೇ. ಹಲ್ವಾ ಅರಬ್ಬಿಯದು ಹೌದು, ಆದರೆ ಅದರೊಳಗಿನ ‘ಅಲ್’ ಆ ‘ಅಲ್’ ಅಲ್ಲ. ಸಿಹಿ ಎನ್ನುವ ಮಾತಿನಿಂದ ಬಂದದ್ದು. ಪದಗಳ ಹುಟ್ಟು ಹುಡುಕುವವರು ಸುಮ್ನೆ ಸದ್ದು ನೋಡಿ ನೆಂಟಸ್ತನ ಬೆಳೆಸಬಾರದು. ಎಲ್ಲವೂ ಸಂಸ್ಕೃತದ್ದೇ ಎನ್ನುವ ನಮ್ಮ ಕೆಲವು ಗೆಳೆಯರಿಗೂ ಇದನ್ನು ಹೇಳಬೇಕು. ಹೇಳಿದರೆ ಕೇಳುವುದಿಲ್ಲ, ಅದು ಬೇರೆ ಮಾತು.

ಅಲ್ಜೀಬ್ರಾ ಶಾಲೆಯಲ್ಲಿ ಎಷ್ಟು ಮಕ್ಕಳ ಮೂಳೆ ಮುರಿದಿದೆಯೋ. ಆದರೆ ‘ಜಬ್ರ್’ ಎಂದರೆ ಮುರಿದದ್ದನ್ನು ಕೂರಿಸುವುದು. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ತನ್ನ ಲೆಕ್ಕದ ಪುಸ್ತಕದ ಹೆಸರಿನಲ್ಲಿ ಈ ಮಾತು ಇಟ್ಟ. ಸಮೀಕರಣದ ಒಂದು ಕಡೆ ಕಳೆದಿರುವುದನ್ನು ಮತ್ತೆ ತುಂಬಿ ಸರಿಮಾಡುವುದು ಅವನ ಜಬ್ರ್. ‘ಈ ಕಡೆ ಮೈನಸ್ ಇದ್ದದ್ದು ಆ ಕಡೆ ಹೋದರೆ ಪ್ಲಸ್’ ಎಂದು ಮೇಷ್ಟ್ರು ನಮಗೆ ಕಲಿಸಿದ್ದೂ ಅದನ್ನೇ. ಸ್ಪೇನಿನಲ್ಲಿ ಬಹಳ ಕಾಲ ‘ಅಲ್ಜೆಬ್ರಿಸ್ತಾ’ ಎಂದರೆ ಕೈಕಾಲು ಮುರಿದವರಿಗೆ ಮೂಳೆ ಕೂರಿಸಿ ಪಟ್ಟಿ ಕಟ್ಟುವವನು. ಅವನ ಬಾಗಿಲಿಗೆ ಲೆಕ್ಕ ಹಿಡಿದುಕೊಂಡು ಯಾರೂ ಹೋಗುತ್ತಿರಲಿಲ್ಲ. ಖ್ವಾರಿಜ್ಮಿಯ ಹೆಸರು ಲ್ಯಾಟಿನ್ನಿಗೆ ಹೋಗಿ ತಿರುಚಿಕೊಂಡು ಅಲ್ಗಾರಿದಮ್ ಆಯಿತು. ಇವತ್ತು ನಮ್ಮ ಫೋನಿನಲ್ಲಿ ಯಾವ ವಿಡಿಯೋ ಮೊದಲು ಬರಬೇಕು ಎಂದು ನಿರ್ಧರಿಸುವುದಕ್ಕೆ ಆ ಪುಣ್ಯಾತ್ಮನ ಹೆಸರು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಸೈನ್ ಕಥೆ. ಸೈನ್ ಥೀಟಾ, ಕಾಸ್ ಥೀಟಾ ಎಂದು ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಅದೇ ಸೈನ್. ವೃತ್ತದ ಒಂದು ತುಂಡನ್ನು ಬಿಲ್ಲು ಅಂದುಕೊಂಡರೆ ಅದರ ಎರಡು ತುದಿ ಸೇರಿಸುವ ಗೆರೆ ಹೆದೆ. ಸಂಸ್ಕೃತದಲ್ಲಿ ಹೆದೆಗೆ ಜ್ಯಾ. ಆರ್ಯಭಟ ಕ್ರಿ.ಶ. 499ರ ಹೊತ್ತಿಗೆ ಅರ್ಧ ಜ್ಯಾಗಳ ಲೆಕ್ಕ ಬರೆದಿಟ್ಟ. ಇದಕ್ಕೇ ಜೀವಾ ಎಂಬ ಇನ್ನೊಂದು ಹೆಸರೂ ಇತ್ತು. ಅರಬ್ಬರು ಅದನ್ನು ತಮ್ಮ ನಾಲಗೆಗೆ ಹೊಂದಿಸಿ ‘ಜೀಬ’ ಎಂದು ಬರೆದುಕೊಂಡರು. ಅವರ ಭಾಷೆಯಲ್ಲಿ ಹಾಗೆಂದರೆ ಏನೂ ಅರ್ಥವಿಲ್ಲ. ಜೊತೆಗೆ ಅವರ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವನೇ ತುಂಬಿಕೊಳ್ಳಬೇಕು. ಅವೇ ಅಕ್ಷರಗಳನ್ನು ‘ಜೈಬ್’ ಎಂದೂ ಓದಬಹುದು. ಜೈಬ್ ಎಂದರೆ ಎಲ್ಲರಿಗೂ ಗೊತ್ತಿದ್ದ ಮಾತು, ಎದೆಯ ಮೇಲಿನ ಬಟ್ಟೆಯ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದಿಸಿದವರು ಹಾಗೆಯೇ ಓದಿ, ಮಡಿಕೆಗೆ ಲ್ಯಾಟಿನ್ನಿನಲ್ಲಿರುವ ‘ಸೈನಸ್’ ಎಂಬ ಮಾತು ಹಾಕಿದರು. ಅದು ಇಂಗ್ಲಿಷಿನ ಸೈನ್ ಆಯಿತು.

ಬಟ್ಟೆಯ ಮಡಿಕೆಯಲ್ಲಿ ಜನ ದುಡ್ಡು, ಕಾಗದ ಸಿಕ್ಕಿಸಿಕೊಳ್ಳುತ್ತಾರೆ. ಆ ಜೈಬ್ ಪಾರ್ಸಿ, ಅಂದರೆ ಪರ್ಷಿಯನ್ ಭಾಷೆ ಆಡುವವರ ಬಾಯಿ ಹಾದು ನಮಗೂ ಬಂತು. ಅದೇ ನಮ್ಮ ಜೇಬು! ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಹುಡುಗನನ್ನು ಗಮನಿಸಿ. ಗಣಿತ ಪುಸ್ತಕದ ವೃತ್ತದ ಪಾಠದಲ್ಲಿ ಜ್ಯಾ ಇದೆ. ತ್ರಿಕೋನಮಿತಿಯ ಪಾಠದಲ್ಲಿ ಸೈನ್ ಇದೆ. ಅಂಗಿಗೆ ಜೇಬಿದೆ, ಅದರಲ್ಲಿ ಪೆನ್ನು ಸೋರಿ ನೀಲಿ ಕಲೆಯಾಗಿದೆ. ಮೂರಕ್ಕೂ ಒಂದೇ ಗಂಟು ಎಂದು ಅವನಿಗೆ ಯಾವ ಗೈಡೂ ಹೇಳುವುದಿಲ್ಲ.

ಹೀಗೆ ಇಂಗ್ಲಿಷಿಗೆ ಒಂದು ಬಾಗಿಲಿನಿಂದ, ಕನ್ನಡಕ್ಕೆ ಇನ್ನೊಂದು ಬಾಗಿಲಿನಿಂದ ಬಂದ ಅರಬ್ಬಿ ಮಾತುಗಳು ಹತ್ತಾರು. ನಮಗೆ ಅವು ಬಂದದ್ದು ಪಾರ್ಸಿಯ ಹೆಗಲೇರಿ. ಬೀದರ್, ಕಲಬುರಗಿ, ವಿಜಯಪುರದ ದರ್ಬಾರುಗಳ ಕಾಲದಿಂದ ಹರಿದು ಬಂದು ಕಚೇರಿಗಳಲ್ಲಿ ನೆಲೆ ನಿಂತವು. ಇವತ್ತೂ ತಾಲೂಕು ಆಫೀಸಿಗೆ ಹೋದರೆ ಅರ್ಜಿ, ನಕಲು, ತಕರಾರು, ಹುಕುಂ, ಬಾಕಿ, ವಸೂಲಿ ಎಲ್ಲವೂ ಅದೇ ಕಡೆಯವು. ತಾಲೂಕು ಎನ್ನುವ ಮಾತೂ ಅಷ್ಟೆ. ಉತ್ತರ ಕರ್ನಾಟಕದ ಕಚೇರಿಗಳಲ್ಲಿ ‘ಸಹಿ ಸಿಕ್ಕಾ ಆಗಬೇಕ್ರಿ’ ಎನ್ನುತ್ತಾರೆ. ಸಿಕ್ಕಾ ಎಂದರೆ ಮೂಲದಲ್ಲಿ ನಾಣ್ಯಕ್ಕೆ ಮುದ್ರೆ ಒತ್ತುವ ಅಚ್ಚು. ಅದೇ ಇಟಲಿಗೆ ಹೋಗಿ ಟಂಕಸಾಲೆಯ ಹೆಸರಾಯಿತು, ವೆನಿಸ್ಸಿನ ಚಿನ್ನದ ನಾಣ್ಯದ ಹೆಸರಾಯಿತು, ಕೊನೆಗೆ ಇಂಗ್ಲಿಷಿನಲ್ಲಿ ಸೀಕ್ವಿನ್ ಆಯಿತು. ಅಂದರೆ ಮದುವೆ ಸೀರೆಯ ಮೇಲೆ ಹೊಳೆಯುವ ಚಮಕಿ. ಗುಮಾಸ್ತರ ಮೇಜಿನ ಮೇಲಿನ ರಬ್ಬರ್ ಸ್ಟಾಂಪೂ ಮದುಮಗಳ ಸೆರಗಿನ ಚಮಕಿಯೂ ದಾಯಾದಿಗಳು.

ಖಜಾನೆಯದು ಇನ್ನೂ ಚಂದ. ಅರಬ್ಬಿಯಲ್ಲಿ ಬಹಳಷ್ಟು ಪದಗಳಿಗೆ ಮೂರು ವ್ಯಂಜನಗಳೇ ಬೇರು. ಸ್ವರ ಬದಲಿಸಿ, ಹಿಂದೆ ಮುಂದೆ ಒಂದೊಂದು ಅಕ್ಷರ ಸೇರಿಸಿ ಹೊಸ ಪದ ಮಾಡುತ್ತಾರೆ. ಖ, ಜ, ನ ಎಂದರೆ ಕೂಡಿಡುವುದು. ಅದರಿಂದ ಖಜಾನೆ. ಮುಂದೆ ಒಂದು ‘ಮ’ ಸೇರಿಸಿದರೆ ಮಖ್ಜನ್, ಕೂಡಿಡುವ ಜಾಗ, ಉಗ್ರಾಣ. ಅದೇ ಫ್ರೆಂಚರ ಬಾಯಿ ಹಾದು ಇಂಗ್ಲಿಷಿಗೆ ಬಂದು ಮ್ಯಾಗಜೀನ್. ಮೊದಲು ಮದ್ದುಗುಂಡಿನ ಉಗ್ರಾಣಕ್ಕೆ ಆ ಹೆಸರಿತ್ತು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಕಂಡದ್ದು ಕೇಳಿದ್ದು ಎಲ್ಲ ತುಂಬಿ ಒಂದು ಮಾಸಪತ್ರಿಕೆ ಹೊರಡಿಸಿದ. ಅದು ಬರಹಗಳ ಉಗ್ರಾಣ ಎನ್ನುವ ಅರ್ಥದಲ್ಲಿ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂದು ಕರೆದ. ನಮ್ಮ ರಾಜ್ಯ ಸರ್ಕಾರಕ್ಕೆ ಆನ್‌ಲೈನಿನಲ್ಲಿ ಚಲನ್ ಕಟ್ಟಿದವರಿಗೆ ‘ಖಜಾನೆ–2’ ಗೊತ್ತಿರುತ್ತದೆ. ದೀಪಾವಳಿ ವಿಶೇಷಾಂಕಕ್ಕೂ ಅದಕ್ಕೂ ರಕ್ತ ಸಂಬಂಧ. ಒಂದಕ್ಕೆ ದುಡ್ಡು ಕಟ್ಟಲೇಬೇಕು, ಇನ್ನೊಂದಕ್ಕೆ ಕಟ್ಟುವವರು ಕಮ್ಮಿ.

ಅಡುಗೆಮನೆಯ ಕಡೆ ಬಂದರೆ ಹುಣಸೆಹಣ್ಣು ಇದೆ. ಹೊಸ ಹುಣಸೆಯಲ್ಲ, ಬೀಜ ನಾರು ತೆಗೆದು, ಉಪ್ಪು ಹಾಕಿ ಒತ್ತಿ, ವರ್ಷ ಕಳೆದು ಕಪ್ಪಗಾದ ಉಂಡೆ. ಅದನ್ನು ಮುರಿದು ನೋಡಿದರೆ ಒತ್ತಿದ ಖರ್ಜೂರ ಎಂದೇ ಅನಿಸುತ್ತದೆ, ಬಾಯಿಗೆ ಹಾಕುವ ತನಕ. ಅರಬ್ಬರಿಗೂ ಹಾಗೇ ಕಂಡಿರಬೇಕು. ‘ತಮ್ರ್ ಹಿಂದಿ’, ಹಿಂದೂದೇಶದ ಖರ್ಜೂರ ಎಂದು ಕರೆದರು. ಅದೇ ಟ್ಯಾಮರಿಂಡ್. ಮುಂದೆ ಸಸ್ಯವಿಜ್ಞಾನಿ ಲಿನೇಯಸ್ ಸಸ್ಯಗಳಿಗೆಲ್ಲ ಹೆಸರಿಡುವಾಗ ಇದಕ್ಕೆ ‘ಟ್ಯಾಮರಿಂಡಸ್ ಇಂಡಿಕಾ’ ಎಂದ. ಅಂದರೆ ಇಂಡಿಯಾದ ಇಂಡಿಯಾ ಖರ್ಜೂರ, ನಾವು ‘ನಡುಸೆಂಟರ್’ ಅನ್ನುತ್ತೇವಲ್ಲ ಹಾಗೆ. ಇಷ್ಟೆಲ್ಲ ಆಗಿ ಆ ಮರದ ತವರು ಆಫ್ರಿಕಾ!

ಬದನೆ ಇನ್ನೊಂದು ಸುತ್ತು ಹಾಕಿದೆ. ಸಂಸ್ಕೃತದಲ್ಲಿ ಅದಕ್ಕೆ ವಾತಿಂಗಣ ಎಂಬ ಹೆಸರಿತ್ತು. ಅದರ ಮೂಲ ದ್ರಾವಿಡವೇ ಇರಬಹುದು, ಬದನೆಯ ಬಳಗವೇ ಎನ್ನುವ ವಿದ್ವಾಂಸರಿದ್ದಾರೆ. ಅದು ಪಾರ್ಸಿ ದಾಟಿ ಅರಬ್ಬಿಯಲ್ಲಿ ಬಾದಿಂಜಾನ್ ಆಯಿತು. ‘ಅಲ್’ ಹಚ್ಚಿಕೊಂಡು ಸ್ಪೇನ್, ಫ್ರಾನ್ಸ್ ದಾಟಿ ಲಂಡನ್ನಿನಲ್ಲಿ ಓಬರ್ಜಿನ್ ಆಯಿತು. ‘ಅಲ್’ ಇಲ್ಲದೆ ಪೋರ್ಚುಗೀಸರ ಹಡಗು ಹತ್ತಿದ್ದು ನಮ್ಮ ಕರಾವಳಿಯ ಕಡೆಗೇ ವಾಪಸ್ ಬಂದು ಬ್ರಿಂಜಾಲ್ ಆಯಿತು. ಮಟ್ಟುಗುಳ್ಳಕ್ಕೆ ಈ ಗೊಡವೆ ಇಲ್ಲ. ಅದಕ್ಕೆ ಸಾಂಬಾರು ಸಾಕು.

ಕಾಫಿ ಗಿಡದ ತವರು ಇಥಿಯೋಪಿಯಾ, ಆದರೆ ನಮಗೆ ಅದು ಬಂದದ್ದು ಅರಬ್ಬರ ನಾಡಿನಿಂದಲೇ. ಬಾಬಾಬುಡನ್ ಯೆಮೆನ್ನಿನ ಮೋಖಾ ಬಂದರಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ತಮಾಷೆ ಎಂದರೆ ಬೀಜ ನೆಟ್ಟಗೆ ಬಂತು, ಹೆಸರು ಬರಲಿಲ್ಲ. ಅರಬ್ಬಿಯ ‘ಕಹ್ವಾ’ ತುರ್ಕರಿಗೆ ಹೋಗಿ, ಯುರೋಪು ಸುತ್ತಿ, ಬೇರೆಯವರ ಬಾಯಲ್ಲಿ ಕಾಫಿಯಾಗಿ ಆಮೇಲೆ ಇಲ್ಲಿಗೆ ಬಂತು. ಈಗ ಅದೇ ಚಿಕ್ಕಮಗಳೂರಿನ ರಸ್ತೆ ಬದಿಯ ಕೆಫೆಗಳಲ್ಲಿ ‘ಮೋಕಾ’ ಕೇಳಿದರೆ ಚಾಕೊಲೇಟ್ ಬೆರೆಸಿ ಕೊಡುತ್ತಾರೆ. ಚಾಕೊಲೇಟಿನ ಮರ ದಕ್ಷಿಣ ಅಮೆರಿಕದ ಕಡೆಯದು, ಮೋಖಾ ಯೆಮೆನ್ನಿನದು. ಎರಡನ್ನೂ ಒಂದೇ ಲೋಟದಲ್ಲಿ ಕುಡಿಯುವಷ್ಟು ಧೈರ್ಯ ನನಗಿಲ್ಲ. ಫಿಲ್ಟರ್ ಕಾಫಿಯೇ ಕೊಡಿ, ಸಕ್ಕರೆ ಜಾಸ್ತಿ ಎನ್ನುತ್ತೇನೆ. ಸಕ್ಕರೆ ನಮ್ಮ ಶರ್ಕರ, ಅರಬ್ಬರಿಗೆ ಸುಕ್ಕರ್ ಆಗಿ ಇಂಗ್ಲಿಷರಿಗೆ ಶುಗರ್ ಆದದ್ದು. ‘ಜಾಸ್ತಿ’ ಅರಬ್ಬರ ‘ಜಿಯಾದ’, ನಮ್ಮ ಕಡೆಗೆ ಬಂದದ್ದು. ಸಪ್ಲೈಯರ್ ಎರಡು ಚಮಚ ಹಾಕಿ ಕದಡುತ್ತಾನೆ.