ಅಭ್ಯಾಸ ನೋಡುವುದರಲ್ಲೂ ಖುಷಿ ಇದೆ

ಲೇಖನ ಇಷ್ಟವಾಯಿತು ಸರ್. ಆದರೆ ಐಸ್ ಹಾಕಿ ತಂಡಗಳ ಸೀಸನ್‌ಗೆ ಮುಂಚಿನ ಅಭ್ಯಾಸ ನೋಡುವುದು ಬೇಸರ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನಾವು ವಿರಾಜಪೇಟೆ ಕಡೆಯವರು. ಹಾಕಿ ಅಂದರೆ ನಮಗೆ ಮೈದಾನದ್ದೇ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿನಿಂದ ನೋಡುತ್ತಾ ಬಂದಿದ್ದೇನೆ. ಒಂದು ಸೆಪ್ಟೆಂಬರ್‌ನಲ್ಲಿ ಟೊರೊಂಟೊಗೆ ಹೋಗಿದ್ದಾಗ ಮಗಳು ಎನ್‌ಎಚ್‌ಎಲ್ (ಅಲ್ಲಿನ ದೊಡ್ಡ ಐಸ್ ಹಾಕಿ ಲೀಗ್) ತಂಡದ ಅಭ್ಯಾಸದ ಕ್ಯಾಂಪಿಗೆ ಕರೆದುಕೊಂಡು ಹೋದಳು. ಶಾಲು ಹೊದ್ದರೂ ಒಳಗೆ ಚಳಿ.

ನನ್ನ ಕಣ್ಣೆಲ್ಲ ಗೋಲ್‌ಕೀಪರ್ ಮೇಲೇ. ಅವರ ಗೋಲು 6 ಅಡಿ ಅಗಲ, 4 ಅಡಿ ಎತ್ತರ ಅಷ್ಟೇ. ನಮ್ಮ ಹಾಕಿಯದ್ದು 12 ಅಡಿ ಅಗಲ. ಚೆಂಡಿನ ಬದಲು 3 ಇಂಚಿನ ಗಟ್ಟಿ ರಬ್ಬರ್ ಬಿಲ್ಲೆ, ಅದೇ ಪಕ್. ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಲೇ ಇದ್ದರು. ಗಾಜಿನ ಪಕ್ಕ ನಿಂತರೆ ಆ ಸದ್ದು ಎದೆಗೇ ಬಡಿಯುತ್ತದೆ.

ಕ್ಯಾಂಪಿಗೆ ಜಾಸ್ತಿ ಜನ ಬರುತ್ತಾರೆ, ಕೊನೆಗೆ ತಂಡದಲ್ಲಿ ಉಳಿಯುವುದು ಹೆಚ್ಚೆಂದರೆ 23 ಮಂದಿ. ಹಾಗಾಗಿ ಹೊಸ ಹುಡುಗರು ಸುಮ್ನೆ ಒಂದು ಪಾಸ್ ಕೊಡುವಾಗಲೂ ಪ್ರಾಣ ಹಾಕಿ ಆಡುತ್ತಾರೆ. ಮ್ಯಾಚಿನ ಗದ್ದಲದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಅಲ್ವಾ? ಎಲ್ಲರೂ ಒಳಗೆ ಹೋದ ಮೇಲೂ ಒಬ್ಬ ಹುಡುಗ ಐಸ್ ಮೇಲೆ ಒಬ್ಬನೇ ಹೊಡೆತ ಅಭ್ಯಾಸ ಮಾಡುತ್ತಿದ್ದ. ಅವನು ಹೋಗುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.