ಅಪ್ಪ ನಿಂತು ಕಳೆದ 31 ವರ್ಷ, ಕೂತು ಕಳೆದ 4 ವರ್ಷ

ಅಪ್ಪ ಸರ್ಕಾರಿ ಬಸ್ಸಿನಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದರು. ಜಾಸ್ತಿ ಓಡಾಡಿದ್ದು ಶಿವಮೊಗ್ಗ–ಸಾಗರ ರೂಟಿನಲ್ಲಿ. ಆಯನೂರು, ಕುಂಸಿ, ಆನಂದಪುರ ಅಂತ ಸ್ಟಾಪು ಸ್ಟಾಪಿಗೂ ಇಳಿಯೋದು, ಹತ್ತೋದು, ಜನರ ನಡುವೆ ನುಗ್ಗಿಕೊಂಡು ಟಿಕೆಟ್ ಹರಿಯೋದು. ಕಂಡಕ್ಟರ್ ಸೀಟು ಅಂತ ಒಂದಿತ್ತು. ಅದರಲ್ಲಿ ಅಪ್ಪನಿಗಿಂತ ಮಗು ಎತ್ತಿಕೊಂಡು ಹತ್ತಿದ ಹೆಂಗಸರು ಕೂತಿದ್ದೇ ಜಾಸ್ತಿ. ರಾತ್ರಿ ಮನೆಗೆ ಬಂದು ಬಿಸಿನೀರಿನ ಬೇಸಿನ್‌ನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದರು. "ರಿಟೈರ್ ಆದ ಮೇಲೆ ಈ ಕಾಲಿಗೆ ಕೆಲಸ ಕೊಡಲ್ಲ ನೋಡು" ಅನ್ನುತ್ತಿದ್ದರು.

ರಿಟೈರ್ ಆದರು. ನಾವೂ ಹಾಗೇ ನೋಡಿಕೊಂಡೆವು. ಕಾಫಿ ಕೂತಲ್ಲಿಗೆ, ಪೇಪರ್ ಕೂತಲ್ಲಿಗೆ. ಹಾಲು ತರೋಕೆ ಹೊರಟರೆ "ಬಿಡಿ ಅಪ್ಪ, ಆ್ಯಪ್‌ನಲ್ಲಿ ಹಾಕಿದ್ದೀನಿ" ಅಂತ ನಾನೇ ತಡೆದೆ. ಪ್ರೀತಿಯಿಂದಲೇ ತಡೆದಿದ್ದು. ನಾಲ್ಕನೇ ವರ್ಷಕ್ಕೆ ಪಾದ ಜುಮ್ ಅನ್ನೋಕೆ ಶುರುವಾಯಿತು. ಒಂದು ದಿನ ಅಂಗಳದಿಂದ ಒಳಗೆ ಬಂದರು, ಒಂದು ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಅದು ಗೇಟಿನ ಹತ್ತಿರ ಕಳಚಿ ಬಿದ್ದಿತ್ತು. ಬಿದ್ದಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಶುಗರ್ ಟೆಸ್ಟ್ ಮಾಡಿಸಿದೆವು. ಮೂರು ತಿಂಗಳ ಸರಾಸರಿ (HbA1c) 9.4 ಬಂತು, ಅಂದರೆ ತುಂಬಾ ಜಾಸ್ತಿ.

ಕೂತಿದ್ದೊಂದೇ ಕಾರಣ ಅಂತ ನಾನು ಹೇಳಲ್ಲ. ಅಜ್ಜಿಗೂ ಶುಗರ್ ಇತ್ತು, ಅಪ್ಪನಿಗೂ ವಯಸ್ಸಾಯಿತು. ಆದರೆ ಡಾಕ್ಟರ್ ಬಿಡಿಸಿ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಊಟ ಆದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಹೀರಿಕೊಳ್ಳೋ ದೊಡ್ಡ ಜಾಗ ನಮ್ಮ ಮಾಂಸಖಂಡ. ಅದರಲ್ಲೂ ತೊಡೆ, ಮೀನಖಂಡ. ಅವು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತವೆ. ಅವನ್ನು ದಿನವಿಡೀ ಸುಮ್ನೆ ಇಟ್ಟರೆ ಆ ಸಕ್ಕರೆ ರಕ್ತದಲ್ಲೇ ಸುತ್ತುತ್ತಾ ಇರುತ್ತೆ. 31 ವರ್ಷ ದುಡಿದ ಕಾಲಿನ ಕೆಲಸವನ್ನು ಒಂದೇ ದಿನದಲ್ಲಿ ನಿಲ್ಲಿಸಿದ್ದು ನಾವೇ ಅಲ್ವಾ?

ಆಮೇಲೆ ಇದರ ಬಗ್ಗೆ ಓದುತ್ತಾ ಹೋದಾಗ ಒಂದು ವಿಷಯ ಸಿಕ್ಕಿತು. ಕೂತು ಮಾಡುವ ಕೆಲಸಕ್ಕೂ ಹೃದಯದ ಕಾಯಿಲೆಗೂ ಇರುವ ನಂಟನ್ನು ಜಗತ್ತಿಗೆ ತೋರಿಸಿಕೊಟ್ಟ ಅಧ್ಯಯನ ನಡೆದಿದ್ದೇ ಬಸ್ಸಿನಲ್ಲಿ! ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಇಡೀ ಪಾಳಿ ಕೂತಿರುತ್ತಿದ್ದರು. ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಜೆರಿ ಮಾರಿಸ್ ಅನ್ನೋ ವೈದ್ಯರು ಇಬ್ಬರ ಆರೋಗ್ಯವನ್ನೂ ಹೋಲಿಸಿ 1953ರಲ್ಲಿ ಪ್ರಕಟಿಸಿದರು. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ. ಡ್ರೈವರ್‌ಗಳು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದರೇನೋ ಅನ್ನೋ ಅನುಮಾನವೂ ಬಂತು. ಮಾರಿಸ್ ಅದನ್ನು ಮುಚ್ಚಿಡಲಿಲ್ಲ. ಸಮವಸ್ತ್ರದ ಸೊಂಟದ ಅಳತೆ ತರಿಸಿ ಅದನ್ನೂ ನೋಡಿದರು. ಡ್ರೈವರ್‌ಗಳ ಸೊಂಟ ದಪ್ಪವೇ ಇತ್ತು. ಆದರೆ ಅಂಚೆ ಇಲಾಖೆಯಲ್ಲೂ ಅದೇ ಕಥೆ ಕಂಡಿತು. ನಡೆದು, ಸೈಕಲ್ ತುಳಿದು ಕಾಗದ ಹಂಚುವವರಿಗಿಂತ ಮೇಜಿನ ಮುಂದೆ ಕೂತ ಗುಮಾಸ್ತರಿಗೆ ತೊಂದರೆ ಜಾಸ್ತಿ.

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಜೊತೆ ಡ್ಯೂಟಿ ಮಾಡುತ್ತಿದ್ದ ಮೂವರು ಡ್ರೈವರ್‌ಗಳ ಹೆಸರು ಹೇಳಿದರು. ಮೂವರೂ ಈಗಿಲ್ಲ.

ನಮ್ಮ ದೇಶದ ಲೆಕ್ಕ ನೋಡಿದರೆ ಭಯ ಆಗುತ್ತೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಪೂರ್ತಿ ಆಗಲ್ಲ. ಅಷ್ಟೂ ಮಾಡದ ದೊಡ್ಡವರು 2000ದಲ್ಲಿ ಭಾರತದಲ್ಲಿ ನೂರಕ್ಕೆ ಸುಮಾರು 22 ಜನ ಇದ್ದರು. 2022ಕ್ಕೆ 49 ಆಯಿತು. ಗಂಡಸರಲ್ಲಿ 42, ಹೆಂಗಸರಲ್ಲಿ 57.

ಆ 57 ಅನ್ನೋದು ನನ್ನನ್ನು ಬಿಡುತ್ತಿಲ್ಲ. ನಮ್ಮ ಅತ್ತಿಗೆ ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತಕ್ಕೆ ಮಲಗೋದು. ಅವರಿಗೆ ಹೋಗಿ "ನೀವು ಓಡಾಡೋದು ಸಾಲಲ್ಲ" ಅಂತ ಯಾವ ಬಾಯಲ್ಲಿ ಹೇಳಲಿ? "ಹಿಂದಿನವರು ಒರಳಲ್ಲಿ ರುಬ್ಬುತ್ತಿದ್ದರು, ಅದಕ್ಕೇ ಗಟ್ಟಿಮುಟ್ಟಾಗಿದ್ದರು" ಅಂತ ಫಾರ್ವರ್ಡ್ ಮಾಡುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಅಮ್ಮನ ಭುಜ ಸವೆದಿದ್ದು ಅದೇ ಒರಳಿನಲ್ಲಿ. ಮಿಕ್ಸಿ ಬಂದಿದ್ದು ಒಳ್ಳೆಯದೇ ಆಯಿತು. ಮಿಕ್ಸಿ ಉಳಿಸಿಕೊಟ್ಟ ಆ ಅರ್ಧ ಗಂಟೆ ಮಾತ್ರ ಅತ್ತಿಗೆಗೆ ಸಿಗಲೇ ಇಲ್ಲ. ಅದು ಮಕ್ಕಳ ಹೋಂವರ್ಕಿಗೆ ಹೋಯಿತು, ನಮ್ಮೆಲ್ಲರ ಟಿಫಿನ್ ಬಾಕ್ಸಿಗೆ ಹೋಯಿತು. ಈಗ ಸಂಜೆ ಆರರಿಂದ ಆರೂವರೆ ಅಡುಗೆಮನೆ ಅಣ್ಣನದು. ಮೊದಲ ವಾರ ಅತ್ತಿಗೆ ರಸ್ತೆಯ ತುದಿಯವರೆಗೆ ಹೋಗಿ ವಾಪಸ್ ಬಂದುಬಿಡುತ್ತಿದ್ದರು. "ಸುಮ್ನೆ ಯಾಕೆ ನಡೀತಿದ್ದೀರಾ, ಎಲ್ಲಿಗೆ ಹೊರಟಿರಿ" ಅಂತ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರಂತೆ.

ಇನ್ನು ದುಡ್ಡಿನ ವಿಷಯ. ಜನ ಹೀಗೇ ಕೂತಿದ್ದರೆ 2020ರಿಂದ 2030ರೊಳಗೆ ಜಗತ್ತಿನಲ್ಲಿ ಸುಮಾರು 50 ಕೋಟಿ ಹೊಸ ರೋಗಿಗಳಾಗುತ್ತಾರೆ, ವರ್ಷಕ್ಕೆ 2,700 ಕೋಟಿ ಡಾಲರ್ ಖರ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತ್ತು. ಅಷ್ಟು ದೊಡ್ಡ ಮೊತ್ತ ನನ್ನ ಕೈಗೆ ಎಟುಕಲ್ಲ. ನನಗೆ ಗೊತ್ತಿರೋದು ಫ್ರಿಜ್ ಮೇಲಿರುವ ಡಬ್ಬಿ. ಅಪ್ಪನ ಮಾತ್ರೆ, ಬೆರಳು ಚುಚ್ಚಿ ನೋಡುವ ಸ್ಟ್ರಿಪ್, ನರಕ್ಕೆ ಬೇರೆ ಮಾತ್ರೆ, ಮೂರು ತಿಂಗಳಿಗೊಮ್ಮೆ ಲ್ಯಾಬು, ವರ್ಷಕ್ಕೊಮ್ಮೆ ಕಣ್ಣು. ತಿಂಗಳಿಗೆ 3,200 ರೂಪಾಯಿ ಹತ್ತಿರ ಆಗುತ್ತೆ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ನಾನು ಹಾಕುವ ರಜೆ ಇದರಲ್ಲಿ ಸೇರಿಲ್ಲ. ನಮಗೆ ಸಂಬಳ ಬರುತ್ತೆ, ರಜೆಯೂ ಇದೆ. ದಿನಗೂಲಿಯವರ ಮನೆಯಲ್ಲಿ ಇದೇ ಡಬ್ಬಿ ಇದ್ದರೆ? 2021–22ರ ಸರ್ಕಾರಿ ಲೆಕ್ಕದಂತೆ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ ನೂರು ರೂಪಾಯಿಯಲ್ಲಿ ಸುಮಾರು 39 ರೂಪಾಯಿ ಮನೆಯವರ ಜೇಬಿನಿಂದಲೇ ಹೋಗುತ್ತೆ.

ಇಷ್ಟಾದರೂ ಎಲ್ಲರ ಬಾಯಲ್ಲೂ ಒಂದೇ ಮಾತು, ಜನ ಸೋಮಾರಿಗಳಾಗಿದ್ದಾರೆ ಅಂತ. ನಾನು ಒಪ್ಪಲ್ಲ. 31 ವರ್ಷ ನಿಂತು ದುಡಿದವರನ್ನು ಸೋಮಾರಿ ಅನ್ನೋಕಾಗುತ್ತಾ? ನಮ್ಮ ದಿನದಿಂದ ನಡಿಗೆಯನ್ನು ಒಂದೊಂದಾಗಿ ಕಿತ್ತು ತೆಗೆದಿದ್ದೇವೆ. ಉಳಿದ ಸ್ವಲ್ಪ ನಡಿಗೆಗೆ ಜಾಗ ಇಟ್ಟಿಲ್ಲ. ಮನೆಯಿಂದ ಪಾರ್ಕಿಗೆ ಅಪ್ಪನ ಹೆಜ್ಜೆಯಲ್ಲಿ 600. ಅಷ್ಟರಲ್ಲಿ ಅವರು ಫುಟ್‌ಪಾತಿನಿಂದ ನಾಲ್ಕು ಸಲ ರಸ್ತೆಗೆ ಇಳಿಯಬೇಕು. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಒಂದು ಕಡೆ ಸಾಲಾಗಿ ನಿಲ್ಲಿಸಿದ ಬೈಕು, ಎರಡು ಕಡೆ ಚರಂಡಿ ಮೇಲೆ ಚಪ್ಪಡಿ ಇಲ್ಲ. ಪಾದದಲ್ಲಿ ಸ್ಪರ್ಶ ಸರಿಯಾಗಿ ಗೊತ್ತಾಗದವರಿಗೆ ಆ ಒಂದೂವರೆ ಅಡಿ ಎಷ್ಟು ಕಷ್ಟ ಅಂತ ಅವರ ಕೈ ಹಿಡಿದು ಇಳಿಸುವಾಗಲೇ ನನಗೆ ಗೊತ್ತಾಗಿದ್ದು. ಅವರ ಬೆರಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತೆ, ಕಾಲು ಗಾಳಿಯಲ್ಲಿ ನೆಲ ಹುಡುಕುತ್ತೆ. ಫುಟ್‌ಪಾತಿಗೆ ಹಾಕುವ ದುಡ್ಡನ್ನು ಆರೋಗ್ಯದ ಖರ್ಚು ಅಂತಲೇ ಬರೆದುಕೊಳ್ಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಚಪ್ಪಡಿಗಾಗಿ ಬೀದಿಯ ಹದಿನಾಲ್ಕು ಮನೆಯವರ ಸಹಿ ಹಾಕಿಸಿ, ಫೋಟೋ ಲಗತ್ತಿಸಿ ಅರ್ಜಿ ಕೊಟ್ಟೆವು. ಎರಡೂವರೆ ತಿಂಗಳು ಅಲೆದೆವು. ಅಪ್ಪನೂ ಜೊತೆಗೆ ಬಂದರು. ಹೋದ ಬುಧವಾರ ಶಾಲೆಯ ಮುಂದಿನ ಚಪ್ಪಡಿ ಕೂರಿಸಿದರು. ಅಪ್ಪ ಅದರ ಮೇಲೆ ನಿಂತು, ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ನೋಡಿದರು. ಅಲುಗಾಡಲಿಲ್ಲ. "ರೈಟ್" ಅಂದು ಮುಂದೆ ನಡೆದರು. ಈಗ ಮೂರು ಸಲ ಇಳಿದರೆ ಸಾಕು.